ದೇಣಿಗೆ: ಎಡಗೈಗೆ ಗೊತ್ತು, ಊರಿಗೆ ಗೊತ್ತಿಲ್ಲ

ಬರವಣಿಗೆ, ಬೆಳವಣಿಗೆ, ಮೆರವಣಿಗೆ, ದೇಣಿಗೆ. ಈ ನಾಲ್ಕನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಕೊನೆಯದು ಹೊರಗಿನಿಂದ ಬಂದದ್ದೆಂದು ಯಾರಿಗೂ ಅನುಮಾನ ಬರುವುದಿಲ್ಲ. ಮೊದಲ ಮೂರರ ಬುಡದಲ್ಲಿ ಬರೆ, ಬೆಳೆ, ಮೆರೆ ಎಂಬ ಕನ್ನಡದ ಧಾತುಗಳಿವೆ. ದೇಣಿಗೆಯ ಬುಡ ಕೆದಕಿದರೆ ಸಿಗುವುದು ಮರಾಠಿಯ 'ದೇಣೆ', ಅಂದರೆ ಕೊಡುವುದು. ಅದರ ಹಿಂದೆ ಪ್ರಾಕೃತ, ಅದರಾಚೆ ಸಂಸ್ಕೃತದ 'ದಾ'. ಮರಾಠಿಯವರು ದೇಣೆಗೆ 'ಗಿ' ಹಚ್ಚಿ 'ದೇಣಗಿ' ಮಾಡಿಕೊಂಡರು. ಅದೇ 'ಗಿ'ಯನ್ನು ಹೊತ್ತು ಬಂದ 'ಪರವಾನಗಿ' ಕನ್ನಡದಲ್ಲಿ ಬಾಲ ಬದಲಿಸದೆ ಉಳಿದುಕೊಂಡಿತು. ದೇಣಗಿ ಮಾತ್ರ ಅತ್ತೆಮನೆಯ ರೀತಿ ಬೇಗ ಕಲಿತು 'ದೇಣಿಗೆ'ಯಾಯಿತು. ಆಮೇಲೆ ಫಾರಸಿಯ 'ದಾರ' ಸೇರಿ 'ದೇಣಿಗೆದಾರ' ಹುಟ್ಟಿದ. ಸಂಸ್ಕೃತದ ಬೇರು, ಮರಾಠಿಯ ಮೈ, ಕನ್ನಡದ ಬಾಲ, ಫಾರಸಿಯ ಬಿರುದು: ಒಂದು ಪದದೊಳಗೆ ನಾಲ್ಕು ಭಾಷೆ.

ಈ ಪದ ನಡೆದು ಬಂದ ದಾರಿಯನ್ನು ಕಿವಿಯಿಂದಲೇ ಗುರುತಿಸಬೇಕಾದರೆ ಹಳಿಯಾಳ, ಜೋಯಿಡಾ, ದಾಂಡೇಲಿ ಕಡೆ ಹೋಗಬೇಕು. ಅಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಓಡಾಡುತ್ತವೆ. ದೇಣಗಿ ಎಲ್ಲಿ ಮುಗಿಯಿತು, ದೇಣಿಗೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಪಕ್ಕದ ಧಾರವಾಡ ಅದಕ್ಕೂ ಮೊದಲೇ ಮುಂಬಯಿಯವರ ಕೈಯಲ್ಲಿತ್ತು. ಖಾತೆ, ಪಾವತಿ, ವಸೂಲಿ, ಜಮಾ, ಖರ್ಚು ಮುಂತಾದ ಲೆಕ್ಕದ ಮಾತುಗಳು ಈ ಕಡೆಯ ಕನ್ನಡದಲ್ಲಿ ಬೇರೂರಿದ್ದು ಮರಾಠಿಯ ಒಡನಾಟದಿಂದ. ಅವುಗಳಲ್ಲಿ ಕೆಲವು ಹುಟ್ಟಿನಿಂದ ಅರಬಿ, ಫಾರಸಿ. ಇಲ್ಲಿಗೆ ಬಂದದ್ದು ಮರಾಠಿಯ ಕೈಹಿಡಿದು. ದೇಣಿಗೆ ಆ ಗುಂಪಿನದೇ ಮಾತು. ಹೀಗಾಗಿ ಅದರ ಜತೆಗೆ ಪಾವತಿ ಪುಸ್ತಕವೂ, ಅಂದರೆ ರಸೀದಿ ಪುಸ್ತಕವೂ, ಬಂತು. ಗಣೇಶೋತ್ಸವದ ಹುಡುಗರು ಬಾಗಿಲಿಗೆ ಬಂದಾಗ ಕೈಯಲ್ಲಿ ಪಾವತಿ ಪುಸ್ತಕ ಇಲ್ಲದಿದ್ದರೆ ಈ ಕಡೆ ಹಿರಿಯರು ಮೊದಲು ಕೇಳುವುದೇ "ಪಾವತಿ ಎಲ್ಲಪ್ಪಾ?" ಎಂದು.

ಊರ ಕೆಲಸಕ್ಕೆ ಹಣ ಕೂಡಿಸುವುದಕ್ಕೆ ಇಲ್ಲಿ ಒಂದೇ ಹೆಸರಿಲ್ಲ. ಜಾತ್ರೆಗೆ, ಗುಡಿಯ ಜೀರ್ಣೋದ್ಧಾರಕ್ಕೆ ಮನೆಗಿಷ್ಟು ಎಂದು ಹಿರಿಯರು ಕೂತು ಗೊತ್ತುಮಾಡಿದರೆ ಅದು 'ಪಟ್ಟಿ'. ಪಟ್ಟಿ ಹಾಕುತ್ತಾರೆ, ಪಟ್ಟಿ ಎತ್ತುತ್ತಾರೆ. ಕೊಡದವನ ಮನೆಯ ಮುಂದೆ ಎರಡನೆಯ ಸಲ ನಿಲ್ಲುತ್ತಾರೆ. 'ವಂತಿಗೆ' ಇದಕ್ಕೆ ಹತ್ತಿರದ್ದು. ವಂತು ಅಂದರೆ ಪಾಲು, ಸರದಿ. ತನ್ನ ಪಾಲಿಗೆ ಬಂದದ್ದನ್ನು ಕೊಡುವುದು ವಂತಿಗೆ. ಇವೆರಡರಲ್ಲೂ ಕೊಡುವವನ ಇಚ್ಛೆಗಿಂತ ಊರಿನ ತೀರ್ಮಾನ ದೊಡ್ಡದು. 'ದೇಣಿಗೆ' ಹಾಗಲ್ಲ. ಕೊಟ್ಟರೆ ಕೊಟ್ಟ, ಬಿಟ್ಟರೆ ಬಿಟ್ಟ. ಎಷ್ಟು ಎನ್ನುವುದೂ ಅವನದೇ ಮರ್ಜಿ. ಆದರೆ ಒಮ್ಮೆ ಕೊಟ್ಟ ಮೇಲೆ ಅವನ ಹೆಸರು ಊರಿಗೆ ತಿಳಿಯಲೇಬೇಕು. ಗುಡಿಯ ಪಡಸಾಲೆಯಲ್ಲಿ ತಲೆ ಎತ್ತಿ ನೋಡಿದರೆ ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಕೊಟ್ಟವರ ಹೆಸರು, ಊರು, ಯಾರ ಸ್ಮರಣಾರ್ಥ ಎಂಬುದೆಲ್ಲ ಬಣ್ಣದಲ್ಲಿ ಬರೆದಿರುತ್ತದೆ. ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ, ಗೋಡೆ ಗಡಿಯಾರದ ಮುಖದ ಮೇಲೆ, ಅನ್ನದ ಕೊಪ್ಪರಿಗೆಯ ಕಂಠದ ಮೇಲೆಯೂ ಅದೇ ಹೆಸರುಗಳು. ಫ್ಯಾನು ತಿರುಗುವಾಗ ಓದಲಾಗದು, ನಿಜ. ಕರೆಂಟು ಹೋದರೆ ಮಂಗಳಾರತಿಗೆ ಬಂದವರೆಲ್ಲ ಸೆಕೆಯಲ್ಲಿ ಕೂತು ಓದಿಕೊಳ್ಳಬಹುದು. ಇದನ್ನು ನೋಡಿ ನಗುವವರಿದ್ದಾರೆ. ನಗುವುದಕ್ಕೆ ಮೊದಲು ಈ ಅಭ್ಯಾಸ ಎಷ್ಟು ಹಳೆಯದೆಂದು ನೋಡಬೇಕು.

ದೇಣಿಗೆ ಬರುವುದಕ್ಕೆ ಮೊದಲು ಕನ್ನಡಕ್ಕೆ ಕೊಡುವ ಮಾತಿನ ಬರ ಇರಲಿಲ್ಲ. 'ಕೊಡು'ವಿನಿಂದ ಹುಟ್ಟಿದ 'ಕೊಡಗೆ' ಶಾಸನಗಳ ತುಂಬ ಇದೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ 'ನೆತ್ತರುಗೊಡಗೆ'. ಕೆರೆಯ ಏರಿ ನೋಡಿಕೊಳ್ಳುವವನಿಗೆ ಬಿಟ್ಟದ್ದು 'ಕಟ್ಟುಗೊಡಗೆ'. ಗೆದ್ದು ಬಂದ ವೀರನಿಗೆ ಕತ್ತಿ ತೊಳೆದ ಗೌರವದಿಂದ ಕೊಟ್ಟದ್ದು 'ಬಾಳ್ಗಳ್ಚು'. ದೇವರಿಗೆ, ಬಸದಿಗೆ, ವಿದ್ಯೆಗೆ ಬಿಟ್ಟದ್ದು 'ದತ್ತಿ'. ಯಾಕೆ ಕೊಟ್ಟರು ಎನ್ನುವುದು ಪದದೊಳಗೇ ಇದೆ, ಬೇರೆ ಹೇಳಬೇಕಾಗಿಲ್ಲ. ಕನ್ನಡದ ಮೊದಲ ಶಾಸನವೆಂದು ಬಹುಕಾಲ ನಾವು ಪಾಠದಲ್ಲಿ ಓದಿದ ಹಲ್ಮಿಡಿಯ ಕಲ್ಲು, ಸುಮಾರು ಕ್ರಿ.ಶ. 450ರದು, ಬೇರೇನೂ ಅಲ್ಲ, ಒಂದು ಕೊಡುಗೆಯ ದಾಖಲೆ. ಕದಂಬರ ಕಾಲದಲ್ಲಿ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟದ್ದನ್ನು ಅದು ಸಾರುತ್ತದೆ. ಹಳಿಯಾಳದ ನೆರೆಯ ಖಾನಾಪುರ ತಾಲ್ಲೂಕಿನ ಹಲಸಿ ಅದೇ ಕದಂಬರ ಪಲಾಶಿಕೆ. ಅಲ್ಲಿ ಸಿಕ್ಕ ಸಂಸ್ಕೃತದ ತಾಮ್ರಪಟದಲ್ಲಿ ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದ ಹೊಲ ಕೊಟ್ಟ ಸಂಗತಿ ಇದೆ.

ಕೊಟ್ಟವರು ಯಾರು, ಪಡೆದವರು ಯಾರು, ಏನು ಕೊಟ್ಟರು: ಈ ಮೂರನ್ನು ಬಿಟ್ಟು ದಾನಶಾಸನವೇ ಇಲ್ಲ. ಸಾಕ್ಷಿಗಳ ಹೆಸರೂ ಎಷ್ಟೋ ಕಡೆ ಉಂಟು. ಕೊಟ್ಟದ್ದನ್ನು ಕಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುತ್ತಾನೆಂಬ ಶಾಪ ಕೊನೆಗೆ. ಕಲ್ಲನ್ನು ನಿಲ್ಲಿಸುತ್ತಿದ್ದದ್ದು ಅರಮನೆಯ ಉಗ್ರಾಣದಲ್ಲಲ್ಲ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಜನ ಓಡಾಡುವಲ್ಲಿ. ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವವನು ಆ ಶಾಸನದ ದೂರದ ಮೊಮ್ಮಗ.

ಕೊಡುವ ಮಾತುಗಳಲ್ಲಿ ಇನ್ನೊಂದು ಬಗೆಯಿದೆ. ದೊಡ್ಡವರನ್ನು ಕಾಣಲು ಹೋಗುವಾಗ ಬರಿಗೈಲಿ ಹೋಗಬಾರದೆಂದು ಒಯ್ದದ್ದು 'ಕಾಣಿಕೆ'. ಪದದೊಳಗೆ 'ಕಾಣು' ಕೂತಿದೆ. ಕೆಲಸ ಆದರೆ ಇಷ್ಟು ಒಪ್ಪಿಸುತ್ತೇನೆ ಎಂದು ದೇವರ ಜತೆ ಮಾಡಿಕೊಂಡ ಕರಾರು 'ಹರಕೆ'. ಸೋತವನು ಗೆದ್ದವನಿಗೆ ವರ್ಷವರ್ಷ ಕಟ್ಟುವುದು 'ಕಪ್ಪ'. ಇವನ್ನೇ ಇಂದು ಕಂಪನಿಗಳು ಪಕ್ಷಗಳಿಗೆ ಕೊಡುವ ಹಣಕ್ಕೆ ಹೊಂದಿಸಿದರೆ, ಗುತ್ತಿಗೆ ಸಿಗುವ ಮೊದಲು ಕೊಟ್ಟರೆ ಕಾಣಿಕೆ, ಸಿಕ್ಕ ಮೇಲೆ ಕೊಟ್ಟರೆ ಹರಕೆ, ದಾಳಿಯಾದ ಮೇಲೆ ಕೊಟ್ಟರೆ ಕಪ್ಪ. ನಮ್ಮ ರಾಜಕೀಯ ವರದಿಗಳಿಗೆ ಬೇಕಾದ ಪದಗಳೆಲ್ಲ ಕನ್ನಡದಲ್ಲಿ ಸಿದ್ಧವಾಗಿದ್ದವು. ಪತ್ರಿಕೆಗಳು ಎಲ್ಲಕ್ಕೂ ಒಂದೇ ಪದವನ್ನು ಆರಿಸಿಕೊಂಡವು: ದೇಣಿಗೆ.

ಅದಕ್ಕೊಂದು ಕಾರಣ ಆ ಪದದ ಮರ್ಯಾದೆ. ದೇಣಿಗೆ ಅಂದ ಕೂಡಲೆ ಶಾಲೆಯ ಕಟ್ಟಡ, ಅನ್ನಸಂತರ್ಪಣೆ ನೆನಪಾಗುತ್ತವೆ. ಆದರೆ ಅದರ ತವರಿನ ಬಂಧುಬಳಗ ಅಷ್ಟು ನಿಷ್ಕಾಮದ್ದಲ್ಲ. ಮರಾಠಿಯಲ್ಲಿ 'ದೇಣೆ' ಅಂದರೆ ಕೊಡುವುದಷ್ಟೇ ಅಲ್ಲ, ಸಾಲದ ಬಾಕಿ ಕೂಡ. 'ದೇಣೆಕರಿ' ಅಂದರೆ ಸಾಲಗಾರ. ಕನ್ನಡದ 'ಕೊಡು'ವಿಗೂ ಈ ಎರಡು ಮುಖ ಇದೆ. "ಅವರಿಗೆ ನಾನು ಕೊಡಬೇಕು" ಎಂದರೆ ಕೇಳಿದವರು ಉಡುಗೊರೆ ಎಂದುಕೊಳ್ಳುವುದಿಲ್ಲ, ಸಾಲ ಎಂದೇ ತಿಳಿಯುತ್ತಾರೆ. ಅದೇ ಬಳಗದಿಂದ ಬಂದ ಇನ್ನೊಂದು ಮಾತು 'ಲೇವಾದೇವಿ'. ತೆಗೆದುಕೊಳ್ಳುವುದು, ಕೊಡುವುದು ಎಂಬಷ್ಟೇ ಅರ್ಥದ ಈ ಜೋಡಿಪದ ಕನ್ನಡದಲ್ಲಿ ಬಡ್ಡಿಗೆ ಹಣ ಬಿಡುವ ಕಸುಬಿನ ಹೆಸರಾಯಿತು. ದೇಣಿಗೆಯ 'ದೇ' ಮತ್ತು ಲೇವಾದೇವಿಯ 'ದೇ' ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಒಂದು ಗುಡಿಗೆ ಹೋಯಿತು, ಇನ್ನೊಂದು ಪೇಟೆಗೆ.

ಎರಡೂ ಮತ್ತೆ ಭೇಟಿಯಾದದ್ದು ಕಂಪನಿ ಮತ್ತು ಪಕ್ಷದ ನಡುವೆ. 1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ಹಣ ಕೊಡಲು ಅನುವಾಗುವಂತೆ ತನ್ನ ಸ್ಥಾಪನಾ ಒಡಂಬಡಿಕೆಯನ್ನು ತಿದ್ದಲು ಹೊರಟು ಮುಂಬಯಿ ಹೈಕೋರ್ಟಿಗೆ ಬಂತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಗೆ ಕಾನೂನಿನಲ್ಲಿ ತಡೆ ಕಾಣಲಿಲ್ಲ, ಒಪ್ಪಿಗೆ ಕೊಟ್ಟರು. ಆದರೆ ಇದು ಬೆಳೆಯುತ್ತ ಹೋಗಿ ಒಂದು ದಿನ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕಬಹುದೆಂಬ ಎಚ್ಚರಿಕೆಯನ್ನೂ ಅದೇ ತೀರ್ಪಿನಲ್ಲಿ ಬರೆದರು. 1960ರಲ್ಲಿ ಕಾನೂನು ಒಂದು ಮಿತಿ ಹಾಕಿತು: 25,000 ರೂಪಾಯಿ ಅಥವಾ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 5, ಯಾವುದು ಹೆಚ್ಚೋ ಅದು. 1969ರಲ್ಲಿ ಕಂಪನಿ ದೇಣಿಗೆಯನ್ನೇ ನಿಷೇಧಿಸಿದರು. ಹಣ ನಿಲ್ಲಲಿಲ್ಲ, ಪಾವತಿ ಮಾತ್ರ ನಿಂತಿತು. ಸೂಟ್‌ಕೇಸಿನ ಕಾಲ ಬಂತು. 1985ರಲ್ಲಿ ಮತ್ತೆ ಅವಕಾಶ ಕೊಟ್ಟು ಶೇ. 5ರ ಮಿತಿ ಇಟ್ಟರು. 2013ರ ಕಂಪನಿ ಕಾಯಿದೆಯಲ್ಲಿ ಅದು ಶೇ. 7.5 ಆಯಿತು.

ಕೊಡುವುದು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ ಎನ್ನುವುದಕ್ಕೆ ದಾಂಡೇಲಿಯ ಕಾಡೇ ಸಾಕ್ಷಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಅಲ್ಲಿ ಕಾಗದ ಮಾಡಲು ನಿಂತಾಗ ಸರ್ಕಾರ ಅದಕ್ಕೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತು. ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ತೆರುತ್ತಿದ್ದ ಬೆಲೆ ಅದರ ನೂರಾರು ಪಟ್ಟು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಎಪ್ಪತ್ತರ ದಶಕದಲ್ಲಿ ಉತ್ತರ ಕನ್ನಡದ ಬಿದಿರನ್ನು ಅಧ್ಯಯನ ಮಾಡಲು ಬಂದದ್ದರ ಹಿಂದೆ ಬುಟ್ಟಿ ಹೆಣೆಯುವವರ ಈ ಗೋಳಿತ್ತು. ಇಲ್ಲಿ ಚುನಾವಣೆಯ ಹಣದ ಮಾತಿಲ್ಲ. ಕೈಗಾರಿಕೆ ಬೆಳೆಸುವುದು ಆಗಿನ ಕಾಲದ ಬಹಿರಂಗ ನೀತಿಯೇ ಆಗಿತ್ತು. ನೋಡಬೇಕಾದ್ದು ಪದವನ್ನು. ಸರ್ಕಾರ ಗಿರಣಿಗೆ ಕೊಟ್ಟದ್ದನ್ನು ಯಾರೂ ದೇಣಿಗೆ ಎನ್ನಲಿಲ್ಲ, 'ರಿಯಾಯಿತಿ' ಎಂದರು. ಮೇದಾರರು ಕಳೆದುಕೊಂಡದ್ದಕ್ಕೆ ಹೆಸರನ್ನೇ ಇಡಲಿಲ್ಲ. ಸರ್ಕಾರದ ಒಂದು ಸಹಿ ಇಷ್ಟು ಬೆಲೆಬಾಳುವಾಗ ಆ ಸಹಿ ಹಾಕುವ ಕೈಯನ್ನು ಆರಿಸುವ ಚುನಾವಣೆಗೆ ಕಂಪನಿಗಳು ಹಣ ಹೂಡುವುದರಲ್ಲಿ ಆಶ್ಚರ್ಯವೇನಿದೆ?

ಇಷ್ಟರಲ್ಲಿ ಇಂಗ್ಲಿಷಿನ 'ಡೋನೇಷನ್' ಕೂಡ ಕನ್ನಡಕ್ಕೆ ಬಂದು ಬೇರೆಯೇ ಬಾಳು ಬಾಳಿತು. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಕರ್ನಾಟಕದಲ್ಲಿ ಸಾಲುಸಾಲಾಗಿ ತಲೆಯೆತ್ತಿದ ಕಾಲದಲ್ಲಿ "ಡೋನೇಷನ್ ಎಷ್ಟು?" ಎಂಬ ಪ್ರಶ್ನೆ ಮನೆಮನೆಯ ಮಾತಾಯಿತು. 1984ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯಿದೆ ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಇದೇ ವ್ಯವಹಾರವನ್ನು ತರಾಟೆಗೆ ತೆಗೆದುಕೊಂಡಿತು. ಕನ್ನಡದ ಜನ ಇಲ್ಲಿ ಜಾಣತನ ತೋರಿದರು. ಕಾಲೇಜಿಗೆ ಕಟ್ಟಿದ್ದನ್ನು ದೇಣಿಗೆ ಎಂದು ಕರೆಯದೆ ಡೋನೇಷನ್ ಎಂದೇ ಬಿಟ್ಟರು. ಸೀಟಿಗಾಗಿ ಕೊಟ್ಟದ್ದು ದೇಣಿಗೆಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ರಾಜಕೀಯದ ಹಣಕ್ಕೆ ಆ ವಿವೇಕ ಒದಗಲಿಲ್ಲ.

2017ರಲ್ಲಿ ಕಂಪನಿ ದೇಣಿಗೆಗಿದ್ದ ಶೇ. 7.5ರ ಮಿತಿಯನ್ನು ಕಿತ್ತುಹಾಕಿದರು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು ಎಂದಾಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂತು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡುಗಳನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಟ್ಟರೆ ಮುಗಿಯಿತು. ಬಾಂಡಿನ ಮೇಲೆ ಕೊಟ್ಟವನ ಹೆಸರಿರಲಿಲ್ಲ. ಪಕ್ಷ ಅದನ್ನು ಚುನಾವಣಾ ಆಯೋಗಕ್ಕೆ ಸಲ್ಲಿಸುವ ದೇಣಿಗೆ ವರದಿಯಲ್ಲಿ ತೋರಿಸಬೇಕಾಗಿರಲಿಲ್ಲ. 2024ರ ಫೆಬ್ರುವರಿಯಲ್ಲಿ ನಿಲ್ಲುವವರೆಗೆ ಹೀಗೆ ಮಾರಾಟವಾದ ಬಾಂಡುಗಳ ಮೊತ್ತ 16,500 ಕೋಟಿ ರೂಪಾಯಿಗೂ ಹೆಚ್ಚು.

ಹೆಸರು ಮುಚ್ಚಿಡುವುದಕ್ಕೆ ನಮ್ಮಲ್ಲಿ ಒಂದು ಗೌರವದ ಸಮರ್ಥನೆಯೂ ಇದೆ: ಗುಪ್ತದಾನ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಇಂಥವರಿಗೆ ಕೊಟ್ಟರೆಂದು ಗೊತ್ತಾದರೆ ಎದುರು ಪಕ್ಷ ಹಗೆ ಸಾಧಿಸೀತು ಎಂಬ ವಾದವನ್ನು ಸರ್ಕಾರವೂ ಮಂಡಿಸಿತು. ಆ ಭಯ ಸುಳ್ಳೆನ್ನಲಾಗದು. ಆದರೆ ಗುಪ್ತದಾನದಲ್ಲಿ ಪಡೆದವನಿಗೂ ಕೊಟ್ಟವನಾರೆಂದು ತಿಳಿಯುವುದಿಲ್ಲ. ಹುಂಡಿಗೆ ಬಿದ್ದ ನೋಟಿಗೆ ಮುಖವಿಲ್ಲ. ಬಾಂಡಿನಲ್ಲಿ ಕೊಟ್ಟವನಿಗೆ ಗೊತ್ತಿತ್ತು, ತೆಗೆದುಕೊಂಡವರಿಗೆ ತಿಳಿಯಲು ಅಡ್ಡಿಯಿರಲಿಲ್ಲ, ಬ್ಯಾಂಕಿಗೂ ಗೊತ್ತಿತ್ತು. ಪ್ರತಿ ಬಾಂಡಿನಲ್ಲೂ ಬರಿಗಣ್ಣಿಗೆ ಕಾಣದ, ಅತಿನೇರಳೆ ಬೆಳಕು ಬಿಟ್ಟರೆ ಮಾತ್ರ ಕಾಣುವ ಅಕ್ಷರ-ಅಂಕಿಗಳ ಗುರುತೊಂದಿತ್ತು. ಪತ್ರಕರ್ತೆಯೊಬ್ಬರು 2018ರಲ್ಲೇ ಪ್ರಯೋಗಾಲಯಕ್ಕೆ ಒಯ್ದು ಅದನ್ನು ಬಯಲಿಗೆ ತಂದರು. ಎಡಗೈಗೆ ತಿಳಿದಿತ್ತು, ಊರಿಗೆ ಮಾತ್ರ ತಿಳಿದಿರಲಿಲ್ಲ. ಇದು ಗುಪ್ತದಾನವಲ್ಲ, ಗುಪ್ತ ವ್ಯವಹಾರ.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನು ರದ್ದುಮಾಡಿತು. ಮತದಾರನಿಗೆ ಪಕ್ಷದ ಹಣದ ಮೂಲ ತಿಳಿಯುವ ಹಕ್ಕಿದೆ ಎಂದಿತು, ಕಿತ್ತುಹಾಕಿದ್ದ ಲಾಭದ ಮಿತಿಯನ್ನೂ ಮರಳಿ ತಂದಿತು. ಪದಜಿಜ್ಞಾಸೆ ಮಾಡುವವರಿಗೆ ಆ ತೀರ್ಪಿನ ಒಂದು ಮಾತು ಮುಖ್ಯ. ವ್ಯಕ್ತಿಗಳು ಕೊಡುವುದರಲ್ಲಿ ಅಭಿಮಾನ ಇರಬಹುದು, ಕಂಪನಿಗಳು ಕೊಡುವುದು ಪ್ರತಿಫಲ ಬಯಸಿ ಮಾಡುವ ಶುದ್ಧ ವ್ಯಾಪಾರ ಎಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಗುರುತಿಸಿದರು. ಕನ್ನಡದಲ್ಲಿ ಹೇಳುವುದಾದರೆ, ನೀವು ಇದುವರೆಗೆ ದೇಣಿಗೆ ಎಂದು ಕರೆದದ್ದು ಲೇವಾದೇವಿ ಎಂದಂತಾಯಿತು.

ಆಮೇಲೆ ಹೆಸರುಗಳು ಹೊರಬಂದವು. ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್ ಕಂಪನಿ 1,368 ಕೋಟಿ ರೂಪಾಯಿ ಬಾಂಡು ಕೊಂಡಿತ್ತು. ಹೈದರಾಬಾದಿನ ಗುತ್ತಿಗೆ ಕಂಪನಿ ಮೇಘಾ ಎಂಜಿನಿಯರಿಂಗ್ 966 ಕೋಟಿಯದು ಕೊಂಡಿತ್ತು. ಪಡೆದವರಲ್ಲಿ ಬಿಜೆಪಿಯೇ ಮುಂದು. 2019ರ ಏಪ್ರಿಲ್‌ನಿಂದ ಲೆಕ್ಕ ಹಿಡಿದರೂ 6,000 ಕೋಟಿ ರೂಪಾಯಿ ದಾಟುತ್ತದೆ. ಟಿಎಂಸಿ 1,600 ಕೋಟಿ, ಕಾಂಗ್ರೆಸ್ 1,400 ಕೋಟಿಯ ಆಸುಪಾಸು. ಹೆಚ್ಚಿನ ಪಕ್ಷಗಳು ಕೊಟ್ಟವರ ಹೆಸರು ಹೇಳಲಿಲ್ಲ. ಹೇಳಿದ ಕೆಲವೇ ಪಕ್ಷಗಳಲ್ಲಿ ಕರ್ನಾಟಕದ ಜೆಡಿಎಸ್ ಒಂದು, ಬಂದ 89.75 ಕೋಟಿಯಲ್ಲಿ 50 ಕೋಟಿ ಮೇಘಾ ಕಂಪನಿಯದೆಂದು ಅದು ಆಯೋಗಕ್ಕೆ ತಿಳಿಸಿತ್ತು. ಉಳಿದ ಬಾಂಡುಗಳ ಜಾತಕ ಬಿಚ್ಚಿದ್ದು ಆ ಕಾಣದ ಗುರುತಿನಿಂದ. ಬ್ಯಾಂಕು ಆ ಸಂಖ್ಯೆಗಳನ್ನು ಕೊಡಬೇಕಾಗಿ ಬಂದ ಮೇಲೆ ಕೊಂಡವರಿಗೂ ನಗದು ಮಾಡಿಕೊಂಡವರಿಗೂ ತಾಳೆ ಹಾಕಲು ಸಾಧ್ಯವಾಯಿತು.

ಅಮೆರಿಕದ ಅಧ್ಯಕ್ಷ ಚುನಾವಣೆ ಬಂದಾಗಲೂ ನಮ್ಮ ಪತ್ರಿಕೆಗಳು ಇದೇ ಪದಕ್ಕೆ ಕೈಹಾಕುತ್ತವೆ. ಕಂಪನಿಗಳು ಅಭ್ಯರ್ಥಿಗಳಿಗೆ ನೇರವಾಗಿ ಹಣ ಕೊಡುವುದನ್ನು ಆ ದೇಶ 1907ರಲ್ಲೇ ನಿಷೇಧಿಸಿತು. 2010ರಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದ ತೀರ್ಪು ಇನ್ನೊಂದು ಬಾಗಿಲು ತೆರೆಯಿತು. ಅಭ್ಯರ್ಥಿಯ ಕೈಗೆ ಕೊಡದೆ ಅವರ ಪರವಾಗಿ ಪ್ರತ್ಯೇಕವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದಾಯಿತು. 2024ರಲ್ಲಿ ಇಲಾನ್ ಮಸ್ಕ್ ಟ್ರಂಪ್ ಗೆಲುವಿಗಾಗಿ ಸುರಿದದ್ದು 25 ಕೋಟಿ ಡಾಲರಿಗೂ ಹೆಚ್ಚು. ಗಣಪತಿಗೆ ಕೊಟ್ಟ ನೂರಾ ಒಂದು ರೂಪಾಯಿಗೂ ದೇಣಿಗೆ, ಇದಕ್ಕೂ ದೇಣಿಗೆ.

ಅಧ್ಯಕ್ಷ ಚುನಾವಣೆ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಮುಂಡಗೋಡದಲ್ಲೂ ನಡೆಯುತ್ತದೆ. 1966ರಲ್ಲಿ ಅಲ್ಲಿ ನೆಲೆಯೂರಿದ ಟಿಬೆಟನ್ನರು ಧರ್ಮಶಾಲೆಯ ತಮ್ಮ ಆಡಳಿತದ ಮುಖ್ಯಸ್ಥ 'ಸಿಕ್ಯಾಂಗ್' ಅವರನ್ನು ಮತ ಹಾಕಿ ಆರಿಸುತ್ತಾರೆ. ಆ ಸ್ಥಾನಕ್ಕೆ ನೇರ ಚುನಾವಣೆ ಶುರುವಾದದ್ದು 2001ರಲ್ಲಿ. 2021ರಲ್ಲಿ ಪೆನ್ಪಾ ತ್ಸೆರಿಂಗ್ ಗೆದ್ದರು. ಮತ ಹಾಕಬೇಕಾದರೆ ಕೈಯಲ್ಲಿ 'ಹಸಿರು ಪುಸ್ತಕ' ಇರಬೇಕು, ಅದರಲ್ಲಿ ವರ್ಷವರ್ಷದ 'ಛಾತ್ರೆಲ್' ಕಟ್ಟಿದ ಗುರುತಿರಬೇಕು. ಛಾತ್ರೆಲ್ ಎಂಬ ಪದದೊಳಗೆ ತೆರಿಗೆಯ ಅರ್ಥವಿದೆ. ಆದರೆ ದೇಶವಿಲ್ಲದ ಆಡಳಿತಕ್ಕೆ ತೆರಿಗೆ ವಸೂಲು ಮಾಡುವ ಬಲ ಎಲ್ಲಿಂದ ಬರಬೇಕು? 1972ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಜನ ಸ್ವಂತ ಇಚ್ಛೆಯಿಂದ ಸಣ್ಣ ಮೊತ್ತ ಕಟ್ಟುತ್ತ ಬಂದಿದ್ದಾರೆ. ನಮ್ಮ ಡೋನೇಷನ್ನಿಗೆ ಇದು ನೇರ ತಿರುಗುಮುರುಗು. ಅಲ್ಲಿ ಹೆಸರು ದಾನ, ಕೊಡುವುದು ಕಡ್ಡಾಯ. ಇಲ್ಲಿ ಹೆಸರು ತೆರಿಗೆ, ಕೊಡುವುದು ಮನಸ್ಸಿನಿಂದ. ಮುಂಡಗೋಡದ ಆ ಮತದಾರ ತನ್ನ ಆಡಳಿತಕ್ಕೆ ದೇಣಿಗೆದಾರನೂ ಹೌದು, ಅದರ ಪಾವತಿಯೇ ಅವನ ಮತದ ಚೀಟಿ. ದೇಣಿಗೆಯ ಹಳೆಯ ಅರ್ಥಕ್ಕೆ ಇದಕ್ಕಿಂತ ಹತ್ತಿರದ್ದು ಇಂದಿನ ಚುನಾವಣೆಗಳಲ್ಲಿ ಕಾಣಸಿಗುವುದು ಕಷ್ಟ.

ಬಾಂಡು ಹೋಯಿತು, ಕಂಪನಿಗಳ ಹಣ ಹೋಗಲಿಲ್ಲ. ಈಗ ಅದು ಚೆಕ್ಕಿನಲ್ಲಿ ನೇರವಾಗಿ ಬರುತ್ತದೆ, ಇಲ್ಲವೇ ಹಲವು ಕಂಪನಿಗಳ ಹಣ ಒಟ್ಟುಗೂಡಿಸಿ ಹಂಚುವ ಚುನಾವಣಾ ಟ್ರಸ್ಟುಗಳ ಮೂಲಕ ಬರುತ್ತದೆ. 20,000 ರೂಪಾಯಿ ಮೀರಿದ ಪ್ರತಿ ದೇಣಿಗೆಯ ವಿವರವನ್ನು ಪಕ್ಷಗಳು ವರ್ಷಕ್ಕೊಮ್ಮೆ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಆಯೋಗ ಅದನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ: ಕೊಟ್ಟವರ ಹೆಸರು, ವಿಳಾಸ, ಮೊತ್ತ. ಟ್ರಸ್ಟುಗಳ ವರದಿಯೂ ಅಲ್ಲೇ ಸಿಗುತ್ತದೆ. 20,000 ರೂಪಾಯಿ ಮೀರದ ದೇಣಿಗೆಗಳು ಇಂದಿಗೂ ಹೆಸರಿಲ್ಲದವು. ಹಳಿಯಾಳ, ದಾಂಡೇಲಿ, ಜೋಯಿಡಾದವರು ಒಂದು ವಿಧಾನಸಭಾ ಕ್ಷೇತ್ರಕ್ಕೆ, ಮುಂಡಗೋಡದವರು ಯಲ್ಲಾಪುರ ಕ್ಷೇತ್ರಕ್ಕೆ ಮತ ಹಾಕುತ್ತಾರೆ. ಮುಂದಿನ ಸಲ ಪ್ರಚಾರಕ್ಕೆ ಬಂದವರ ಪಕ್ಷದ ವರದಿಯನ್ನು ಮೊಬೈಲಿನಲ್ಲಿ ತೆರೆದು, ದೊಡ್ಡ ಮೊತ್ತದ ಮೊದಲ ಹತ್ತು ಹೆಸರುಗಳನ್ನು ಓದಿ, ಅವರಲ್ಲಿ ಯಾರಿಗೆ ಸರ್ಕಾರದ ಯಾವ ಗುತ್ತಿಗೆ ಹೋಗಿದೆ ಎಂದು ಕೇಳಬಹುದು. ಹೆಸರು, ಕಾರಣ ಎರಡನ್ನೂ ಬಾಯಿಬಿಟ್ಟು ಹೇಳಿದರೆ ಅದು ದೇಣಿಗೆ. ಹೇಳಲು ತಡವರಿಸಿದರೆ ಯಾವ ಪದ ಬಳಸಬೇಕೆಂದು ಈ ಕಡೆಯ ಮತದಾರರಿಗೆ ನಿಘಂಟು ನೋಡಬೇಕಾಗಿಲ್ಲ.